ವ್ಯಾಕರಣದಾಗೂ ಜಾತಿ ಅದ, ಈಗ ಅದನ್ನ ಮಷೀನಿಗೂ ಕಲಸಲಾಕತ್ತಾರ



ವಾಟ್ಸಾಪಿನಾಗ ಒಂದು ಫಾರ್ವರ್ಡ್ ವರ್ಷಗಟ್ಟಲೆ ತಿರುಗತಾನೇ ಅದ: ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಭಾಷೆ ಅಂತ ನಾಸಾ ಒಪ್ಪಿದೆಯಂತೆ. ಕಳಸೋರೊಳಗ ನಮ್ಮ ಹುಡುಗರೂ ಅದಾರ. ಇದರ ಮೂಲ 1985ರಲ್ಲಿ ನಾಸಾದ ಸಂಶೋಧಕ ರಿಕ್ ಬ್ರಿಗ್ಸ್ ‘ಎಐ ಮ್ಯಾಗಜೀನ್’ನಲ್ಲಿ ಬರೆದ ಒಂದು ಲೇಖನ. ವಾಕ್ಯದ ಅರ್ಥ ಬಿಡಿಸಲು ಸಂಸ್ಕೃತದ ವೈಯಾಕರಣರು ಹಿಡಿದ ದಾರಿಗೂ, ಕಂಪ್ಯೂಟರಿನಲ್ಲಿ ಅರ್ಥವನ್ನು ಜಾಲದ ಹಾಗೆ ಹೆಣೆದಿಡುವ ದಾರಿಗೂ ಹೋಲಿಕೆ ಇದೆ ಎಂದು ಅವರು ವಾದಿಸಿದರು. ಅದು ಒಬ್ಬರ ಲೇಖನ. ನಾಸಾ ಯಾವ ಸರ್ಟಿಫಿಕೇಟನ್ನೂ ಕೊಟ್ಟಿಲ್ಲ.

ಪಾಣಿನಿಯವರ ಬುದ್ಧಿಯನ್ನು ನಾನು ಸಣ್ಣದು ಮಾಡಲ್ಲ. ಸುಮಾರು 4,000 ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಕಟ್ಟಿಟ್ಟರು. ಒಂದು ಸೂತ್ರ ಕೊಟ್ಟಿದ್ದನ್ನ ಮತ್ತೊಂದು ತಗೊಂಡು ಮುಂದ ನಡೀತದ, ಥೇಟ್ ಪ್ರೋಗ್ರಾಮ್ ಇದ್ದಂಗ. ಆದ್ರ ಆ ಪ್ರೋಗ್ರಾಮಿನ ಒಳಗ ಏನದ ಅಂತ ಫಾರ್ವರ್ಡ್ ಮಾಡೋರು ತೆರೆದು ನೋಡ್ಯಾರೇನು?

8.2.83ನೇ ಸೂತ್ರ ನೋಡ್ರಿ. ನಮಸ್ಕಾರ ಮಾಡಿದವರಿಗೆ ತಿರುಗಿ ಹರಸುವಾಗ ಕೊನೆಯ ಸ್ವರ ಎಳೆದು ಹೇಳಬೇಕು. ಎದುರಿಗೆ ಇರೋರು ಶೂದ್ರರಾದರೆ ಎಳೆಯೋದು ಬ್ಯಾಡ. 2.4.10 ನೋಡ್ರಿ. ‘ಹೊರಗಿಡದ’ ಶೂದ್ರರ ಎರಡು ಹೆಸರು ಕೂಡಿ ಸಮಾಸವಾದರೆ ಏಕವಚನ. ಹೊರಗಿಟ್ಟವರಿಗೆ ಆ ನಿಯಮ ಇಲ್ಲ. ಹೊರಗಿಟ್ಟವರು ಯಾರು? ಪತಂಜಲಿಯವರ ಮಹಾಭಾಷ್ಯ ವಿವರಿಸ್ತದ: ಯಾರು ಉಂಡ ಪಾತ್ರೆ ಎಷ್ಟು ಶುದ್ಧಿ ಮಾಡಿದರೂ ಶುದ್ಧ ಆಗಲ್ಲವೋ ಅವರು.

ಚಹಾದಂಗಡಿಯ ಬ್ಯಾರೆ ಗ್ಲಾಸು ನಮ್ಮ ಸುರಪುರ, ಶಹಾಪುರದ ಹಳ್ಳಿಗೆ ಬರೋದಕ್ಕ ಎರಡು ಸಾವಿರ ವರ್ಷ ಮೊದಲೇ ವ್ಯಾಕರಣದಾಗ ಇತ್ತು!

‘ಹಳೇದು ಬಿಡ್ರಿ’ ಅಂತೀರಿ. ಆಯ್ತು, ಇವತ್ತಿನ ಕನ್ನಡಕ್ಕ ಬರ್ರಿ. ಇಂಗ್ಲಿಷಿನಾಗ ‘ಕೇಮ್’ ಅಂದ್ರ ಮುಗೀತು. ಮಂತ್ರಿಗೂ ಅದೇ, ಪೌರಕಾರ್ಮಿಕರಿಗೂ ಅದೇ. ಕನ್ನಡದಾಗ ಆರಿಸಲೇಬೇಕು: ಬಂದಾನ, ಬಂದಾಳ, ಬಂದಾರ, ಬಂದದ. ‘ಗೌರವಕ್ಕೆ ಬಹುವಚನ’ ಅಂತ ಶಾಲೆಯ ಪುಸ್ತಕ ಹೇಳಿ ಸುಮ್ಮನಾಗ್ತದ. ಯಾರಿಗೆ ಗೌರವ ಅನ್ನೋದನ್ನ ಊರು ಹೇಳ್ತದ. ಗೌಡರ ಮನೆಯ ಹತ್ತು ವರ್ಷದ ಹುಡುಗ ಬಂದ್ರ ‘ಸಣ್ಣ ಗೌಡ್ರು ಬಂದಾರ’. ಅರವತ್ತು ದಾಟಿದ ನಮ್ಮ ಕೇರಿಯ ಯಲ್ಲಪ್ಪ ಬಂದ್ರ ‘ಯಲ್ಲ್ಯಾ ಬಂದಾನ’. ಹೆಸರಿನಾಗಿನ ಅಪ್ಪನನ್ನೇ ಕತ್ತರಿಸಿ ಒಗೆದ ಮ್ಯಾಲ ಕ್ರಿಯಾಪದಕ್ಕ ಮರ್ಯಾದಿ ಎಲ್ಲಿಂದ ಬರಬೇಕು?

ಈಗ ಈ ಆಯ್ಕೆ ಯಂತ್ರದ ಕೈಗೆ ಹೋಗ್ಯದ. ಇವತ್ತಿನ ಅನುವಾದ ಯಂತ್ರಕ್ಕ ಯಾರೂ ಕುಂತು ಸೂತ್ರ ಬರೆದುಕೊಡಲ್ಲ. ಲಕ್ಷಗಟ್ಟಲೆ ವಾಕ್ಯ ಸುರೀತಾರ. ಯಾವ ಪದದ ಜೋಡಿ ಯಾವ ಪದ ಬರ್ತದ ಅಂತ ಅದು ತಾನೇ ಲೆಕ್ಕ ಹಾಕಿ ಕಲೀತದ. ‘ಸಚಿವರು ಹೇಳಿದರು’, ‘ಕೂಲಿಕಾರ ಸತ್ತ’ ಅಂತ ಸಾವಿರ ಸಲ ಓದಿದ ಯಂತ್ರ ಮುಂದ ಏನು ಬರೀತದ, ನೀವೇ ಹೇಳ್ರಿ. ಪಾಣಿನಿಯವರು ‘ಶೂದ್ರ’ ಅಂತ ಬಾಯಿಬಿಟ್ಟು ಹೇಳಿದರು, ಬೆರಳಿಟ್ಟು ತೋರಿಸಿ ಜಗಳಾಡಬಹುದು. ಇಲ್ಲಿ ಅದೇ ಸೂತ್ರ ಕೋಟಿ ಅಂಕಿಗಳ ನಡುವೆ ಕರಗಿ ಕುಂತಿರ್ತದ. ಕೇಳಿದ್ರ ‘ಡೇಟಾ ಹಂಗದ ಸರ್’ ಅಂತಾರ. ದೊಡ್ಡ ಭಾಷಾ ಮಾದರಿಗಳು ಜಾತಿಯ ಪೂರ್ವಗ್ರಹವನ್ನ ಹೆಂಗ ಒಪ್ಪಿಸ್ತಾವ ಅಂತ ಆಕ್ಸ್‌ಫರ್ಡಿನ ಸಂಶೋಧಕರು 2023ರಲ್ಲೇ ತೋರಿಸ್ಯಾರ.

ಇನ್ನೊಂದು ಮಾತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52 ಕೂಡ ಮುಟ್ಟಿರಲಿಲ್ಲ, ರಾಜ್ಯಕ್ಕೇ ಕಡಿಮೆ. ಬರೆದಿದ್ದನ್ನೇ ತಿಂದು ಬೆಳೆದ ಯಂತ್ರದಾಗ ಬರೀಲಾಕ ಬರದ ನಮ್ಮ ಅವ್ವಂದಿರ ಮಾತು ಎಲ್ಲಿ ಇರ್ತದ? ಜಾತಿಯಿಂದ ಮಾತು ಬದಲಾಗ್ತದ ಅಂತ ವಿಲಿಯಂ ಬ್ರೈಟ್ 1960ರಲ್ಲೇ ಕನ್ನಡವನ್ನೇ ಇಟ್ಟುಕೊಂಡು ಬರೆದರು. ಕನ್ನಡಕ್ಕೆ ಸಂಸ್ಕೃತದ ಅಳತೆ ಹಚ್ಚಬ್ಯಾಡ್ರಿ ಅಂತ ಡಿ.ಎನ್. ಶಂಕರ ಭಟ್ಟರು ಮತ್ತ ಮತ್ತ ಹೇಳಿದರು. ಗೊತ್ತಿಲ್ಲದ ವಿಷಯ ಏನಲ್ಲ ಇದು.

2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ ತಂದಿತು. ನಾಳೆ ಪಿಂಚಣಿ, ರೇಷನ್, ಉದ್ಯೋಗ ಖಾತ್ರಿ ಎಲ್ಲಕ್ಕೂ ಮೊಬೈಲಿಗೇ ಮಾತಾಡ್ರಿ ಅಂತಾರ. ‘ನನ್ನ ಪಗಾರ ಯಾಕ ಜಮಾ ಆಗಿಲ್ರಿ’ ಅಂತ ಒಬ್ಬ ತಾಯಿ ಕೇಳಿದ್ರ ಅದಕ್ಕ ತಿಳೀಬೇಕು. ತಿಳೀಲಿಲ್ಲಂದ್ರ ಉಪವಾಸ ಬೀಳೋದು ಯಂತ್ರ ಅಲ್ಲ.

ಅದಕ್ಕ ನಮ್ಮ ಬೇಡಿಕೆ:

1. ಮನುಷ್ಯರು ಅಂದ್ರ ‘ಬಂದರು’. ಕೆಲಸ ಯಾವುದಿದ್ರೂ, ಹೆಸರು ಏನಿದ್ರೂ ಯಂತ್ರದ ಮೊದಲ ಆಯ್ಕೆ ಅದೇ ಇರಬೇಕು.

2. ಬೆಂಗಳೂರಿನ ಐಐಎಸ್ಸಿಯ ‘ವಾಣಿ’ ಯೋಜನೆ ಜಿಲ್ಲೆಗಳ ದನಿ ಕೂಡಿಸ್ತದ, ಒಳ್ಳೆ ಕೆಲಸ. ಇಂಥ ಕೆಲಸ ಮಾಡೋರೆಲ್ಲ ಬಸ್‌ಸ್ಟ್ಯಾಂಡ್ ದಾಟಿ ಕೇರಿಗೆ, ತಾಂಡಾಕ್ಕ, ಹತ್ತಿ ಹೊಲಕ್ಕ ಬರಬೇಕು. ದನಿಗೆ ಕೂಲಿ ಕೊಡಬೇಕು.

3. ಸರ್ಕಾರಿ ಭಾಷಾ ಯಂತ್ರಗಳನ್ನ ಜಾತಿಯ ಕಣ್ಣಿನಿಂದ ಪರೀಕ್ಷೆ ಮಾಡಬೇಕು, ಪರೀಕ್ಷೆ ಮಾಡೋರೊಳಗ ನಮ್ಮ ಹುಡುಗ ಹುಡುಗಿಯರು ಇರಬೇಕು, ಫಲಿತಾಂಶ ಜನರ ಮುಂದಿಡಬೇಕು.

ಬಾಬಾಸಾಹೇಬರು 1920ರಲ್ಲಿ ‘ಮೂಕನಾಯಕ’ ಪತ್ರಿಕೆ ತಂದರು, ದನಿ ಇಲ್ಲದವರಿಗೆ ದನಿ ಬೇಕು ಅಂತ. ಈಗ ಮಷೀನಿಗೇ ದನಿ ಬಂದದ. ಅದು ನಮ್ಮನ್ನ ಯಾವ ವಚನದಾಗ ಕರೀತದ ಅಂತ ನಾವೇ ನೋಡಬೇಕು.

ಇವತ್ತು ರಾತ್ರಿ ಒಂದು ಕೆಲಸ ಮಾಡ್ರಿ. ನಿಮ್ಮ ಮೊಬೈಲಿನ ಅನುವಾದ ಆ್ಯಪಿನಾಗ ನಾಲ್ಕು ಇಂಗ್ಲಿಷ್ ವಾಕ್ಯ ಹಾಕ್ರಿ: ಜಡ್ಜ್ ಬಂದ್ರು, ಪೂಜಾರಿ ಬಂದ್ರು, ಚಪ್ಪಲಿ ಹೊಲಿಯೋರು ಬಂದ್ರು, ಕಸ ಗುಡಿಸೋರು ಬಂದ್ರು ಅಂತ. ಯಾರಿಗೆ ‘ಬಂದರು’, ಯಾರಿಗೆ ‘ಬಂದನು’? ಸ್ಕ್ರೀನ್‌ಶಾಟ್ ತೆಗೆದು ಕಾಮೆಂಟಿನಾಗ ಹಾಕ್ರಿ. ಎಲ್ಲಾ ಕೂಡಿಸಿ ಮನವಿ ಪತ್ರಕ್ಕ ಹಚ್ಚೂಣು.

ಜೈಭೀಮ್.