ನೀರೆತ್ತಲು ಹಣವಿದೆ, ನೀರಿಂಗಿಸಲು?

ಗ್ರಾಮ ಪಂಚಾಯಿತಿಯ ಆಯವ್ಯಯವೆಂದರೆ ಅಧ್ಯಕ್ಷರೂ ಅಭಿವೃದ್ಧಿ ಅಧಿಕಾರಿಯೂ ಮಾತ್ರ ಓದಬೇಕಾದ ಕಾಗದವೆಂಬ ಭಾವನೆ ಹಳ್ಳಿಗಳಲ್ಲಿ ಬೇರೂರಿದೆ. ಗಣಿಗಾರಿಕೆಯ ವಿರುದ್ಧ, ಮರಗಳ ಹನನದ ವಿರುದ್ಧ ಬೀದಿಗಿಳಿಯುವ ಯುವಜನರೂ ಆ ಕಾಗದದತ್ತ ಕಣ್ಣು ಹಾಯಿಸುವುದು ಅಪರೂಪ. ಆದರೆ ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಂತಹ ಹೋಬಳಿಯಲ್ಲಿ ಕೆರೆಕಟ್ಟೆಗಳ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ಪ್ರತಿವರ್ಷ ಏಪ್ರಿಲ್‌ಗೆ ಮುನ್ನ ಸದ್ದಿಲ್ಲದೆ ಅಂಗೀಕಾರವಾಗುವ ಆ ಕೆಲವೇ ಪುಟಗಳಲ್ಲಿ.

ಯಾವುದೇ ಪಂಚಾಯಿತಿಯ ಕುಡಿಯುವ ನೀರಿನ ಲೆಕ್ಕವನ್ನು ತೆರೆದರೂ ಕಾಣುವುದು ಬಹುತೇಕ ಒಂದೇ: ಪಂಪ್ ಮೋಟಾರಿನ ದುರಸ್ತಿ, ಪೈಪು, ನೀರುಗಂಟಿಯ ವೇತನ, ಚಾಮುಂಡೇಶ್ವರಿ ವಿದ್ಯುತ್ ನಿಗಮಕ್ಕೆ ಕಟ್ಟಬೇಕಾದ ಬಿಲ್ಲು. ಅಂತರ್ಜಲ ಇಳಿದಂತೆ ಪೈಪು ಉದ್ದವಾಗುತ್ತದೆ, ಮೋಟಾರಿನ ಶಕ್ತಿ ಹೆಚ್ಚಬೇಕಾಗುತ್ತದೆ, ಬಿಲ್ಲು ಬೆಳೆಯುತ್ತದೆ. ಒಂದು ಕಾಲಕ್ಕೆ ನೀರುಗಂಟಿಯೆಂದರೆ ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು. ಇಂದು ಅದೇ ಹೆಸರಿನವನ ಮುಖ್ಯ ಕೆಲಸ ಮೋಟಾರಿನ ಗುಂಡಿ ಒತ್ತುವುದು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್, ರಾಜ್ಯದಲ್ಲಿ ‘ಮನೆಮನೆಗೆ ಗಂಗೆ’, ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರಿನ ಗುರಿಯಿಟ್ಟಿತು. ನಲ್ಲಿ ಹಾಕಿಸುವ ವೆಚ್ಚದ ಬಹುಪಾಲನ್ನು ಕೇಂದ್ರ, ರಾಜ್ಯ ಸರ್ಕಾರಗಳು ಹೊತ್ತವು. ನಲ್ಲಿಯನ್ನು ನಡೆಸುವ ಹೊರೆ ಪಂಚಾಯಿತಿಯ ಹೆಗಲೇರಿತು. ಈ ಖರ್ಚನ್ನು ಯಾರೂ ನಿಲ್ಲಿಸಲಾರರು. ನಿಲ್ಲಿಸಬೇಕೆಂಬುದು ವಾದವೂ ಅಲ್ಲ. ಪ್ರಶ್ನೆಯಿರುವುದು ಅದರ ಪಕ್ಕದ ಖಾಲಿ ಜಾಗದ ಬಗ್ಗೆ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗವು ಪಂಚಾಯಿತಿಗಳ ಅನುದಾನದಲ್ಲಿ ಶೇ. 60ನ್ನು ನಿರ್ಬಂಧಿತವೆಂದು ಗುರುತಿಸಿತು. ಅದರ ಅರ್ಧ ನೈರ್ಮಲ್ಯಕ್ಕೆ. ಉಳಿದರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ. ಅಂದರೆ ನೀರೆತ್ತುವುದಕ್ಕೂ ನೀರಿಂಗಿಸುವುದಕ್ಕೂ ಇದ್ದುದು ಒಂದೇ ಗಂಟು. ನಿಯಮ ಅಡ್ಡಬರಲಿಲ್ಲ, ಕೇಳುವವರು ಇರಲಿಲ್ಲ.

40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಸಣ್ಣ ಕೆರೆಗಳು ಪಂಚಾಯತ್ ವ್ಯವಸ್ಥೆಯ ಸುಪರ್ದಿನಲ್ಲಿವೆ. ಸಂವಿಧಾನದ 11ನೇ ಅನುಸೂಚಿಯು ಸಣ್ಣ ನೀರಾವರಿಯನ್ನೂ ಜಲಾನಯನ ಅಭಿವೃದ್ಧಿಯನ್ನೂ ಪಂಚಾಯಿತಿಗಳ ವಿಷಯಗಳೆಂದೇ ಪಟ್ಟಿಮಾಡಿದೆ. ಕೆರೆಯ ಏರಿಗೆ ಬಣ್ಣ ಬಳಿದರೆ, ನಾಮಫಲಕ ನೆಟ್ಟರೆ ಕೆರೆ ತುಂಬದು. ಬೆಟ್ಟದ ತಪ್ಪಲಿನಿಂದ ನೀರು ತರುವ ಕಾಲುವೆ ಒತ್ತುವರಿಯಿಲ್ಲದೆ, ಹೂಳಿಲ್ಲದೆ ಇರಬೇಕು. ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿ, 2022ರಲ್ಲಿ ತೀರಿಕೊಂಡರು. ಅವರನ್ನು ಹೊಗಳಿದ ಸಭೆಗಳು ಬಹಳ. ಒಬ್ಬ ಕುರಿಗಾಹಿ ಸ್ವಂತ ದುಡಿಮೆಯಿಂದ ಮಾಡಿದ ಕೆಲಸ ಪಂಚಾಯಿತಿಗಳ ಲೆಕ್ಕದಲ್ಲಿ ಏಕೆ ಒಂದು ಸಾಲಾಗಲಿಲ್ಲವೆಂದು ಆ ಸಭೆಗಳು ಕೇಳಬೇಕಿತ್ತು.

ಕೇಳುವ ಜಾಗಗಳು ಕಾನೂನಿನಲ್ಲಿಯೇ ಇವೆ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದಿಡಲು ಜಮಾಬಂದಿ ಇದೆ. ಶೀಳನೆರೆ ಸುತ್ತಿನ ಕಾಲೇಜು ವಿದ್ಯಾರ್ಥಿಗಳು ತಮ್ಮ ಪಂಚಾಯಿತಿಯ ಮೂರು ವರ್ಷದ ಲೆಕ್ಕದಿಂದ ಮೂರೇ ಅಂಕಿಗಳನ್ನು ಬರೆದುಕೊಳ್ಳಲಿ: ವಿದ್ಯುತ್ ಬಿಲ್ಲು, ಮೋಟಾರು ಮತ್ತು ಕೊಳವೆಬಾವಿಯ ಖರ್ಚು, ಕೆರೆಗೆ ನೀರು ತರುವ ಕಾಲುವೆಯ ಖರ್ಚು. ಮೂರನೆಯದು ಸೊನ್ನೆಯಾಗಿದ್ದರೆ, ಹೂಳು ತುಂಬಿದ ಕಾಲುವೆಯೊಂದರ ಹೆಸರು ಮತ್ತು ಸರ್ವೆ ನಂಬರನ್ನು ಹಿಡಿದು ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಲ್ಲಲಿ. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂರದಿರಲಿ.