ಹಾಲಿನ ದರವೂ ಕಣಿಕೆಯ ಬಣವೆಯೂ

2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಆ ಹಣ ಹಾಲು ಹಾಕುವವರಿಗೇ ಸಲ್ಲಬೇಕೆಂದು ಸರಕಾರ ಹೇಳಿತು. ಸಂತೋಷವೇ ಸರಿ. ಆದರೆ ಏರಿದ ದರ ಇಳಿಯಲೂಬಹುದೆಂಬುದನ್ನು ಮರೆಯಲಾಗದು. ಪೇಟೆಯಲ್ಲಿ ಮಾರಿ ಉಳಿದ ಹಾಲನ್ನು ಒಕ್ಕೂಟಗಳು ಪುಡಿ, ಬೆಣ್ಣೆ ಮಾಡುತ್ತವೆ. ಪುಡಿಯ ಬೆಲೆ ಬಿದ್ದರೆ ಅದರ ಪೆಟ್ಟು ಕೊನೆಗೆ ರೈತನಿಗೇ. 2018ರಲ್ಲಿ ಹೀಗಾದಾಗ ನೆರೆಯ ಮಹಾರಾಷ್ಟ್ರದ ರೈತರು ಹಾಲನ್ನು ರಸ್ತೆಗೆ ಸುರಿದರು.

ದರ ನಮ್ಮ ಕೈಯಲ್ಲಿಲ್ಲ. ಮೇವಿನ ಖರ್ಚು ಬಹುಮಟ್ಟಿಗೆ ಇದೆ. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿಟ್ಟು ಕಡಲೆಯೊಂದನ್ನೇ ಬಿತ್ತಿದವರು ಬೇಸಿಗೆಯಲ್ಲಿ ಕಣಿಕೆ ಕೊಂಡು ತರಬೇಕಾಗುತ್ತದೆ. ಹಾಲಿನಿಂದ ಬಂದ ಹಣ ಮೇವಿಗೇ ಹೋದರೆ ದರ ಏರಿದ್ದರಿಂದ ಫಲವೇನು?

ಆದುದರಿಂದ ಮನೆಯ ದನಗಳಿಗೆ ಸಾಲುವಷ್ಟಾದರೂ ಜೋಳ ಬಿತ್ತಿರಿ. ಕಣಿಕೆಯನ್ನು ಇಡಿಯಾಗಿ ಹಾಕದೆ ಸಣ್ಣಗೆ ಕತ್ತರಿಸಿ ಹಾಕಿರಿ. ದನ ತುಳಿದು ಕೆಡಿಸುವುದು ಉಳಿಯುತ್ತದೆ. ಹಾಲಿಗೆ ಹಣ ಸಿಗುವುದು ಅಳತೆಯಿಂದಷ್ಟೇ ಅಲ್ಲ, ಜಿಡ್ಡಿನಿಂದಲೂ. ಸಂಘದ ಚೀಟಿಯನ್ನು ದಿನವೂ ಓದಿ ನೋಡಿರಿ. ಹಿತ್ತಲಲ್ಲಿ ಬಣವೆ ಇದ್ದವನು ದರ ಇಳಿದ ವರ್ಷವೂ ಎಮ್ಮೆಯನ್ನು ಸಂತೆಗೆ ಹೊಡೆಯಲಾರ.