ಬಂಡೆಯ ಬಿರುಕಿನ ನವಿಲುಜುಟ್ಟು

ಮಳೆ ಹಿಡಿದು ವಾರ ಕಳೆದ ಮೇಲೆ ಹೈದರಾಬಾದಿನ ಬಂಡೆಗಳ ಬಿರುಕನ್ನು ಒಮ್ಮೆ ಬಗ್ಗಿ ನೋಡಿ. ಗೇಣುದ್ದದ, ಬೀಸಣಿಗೆ ಬಿಚ್ಚಿದಂಥ ಎಲೆಗಳ ಒಂದು ಗಿಡ ಸಿಗಬಹುದು. ತಾಳೆಮರದ ಮರಿಯೇನೋ ಅನ್ನಿಸುತ್ತದೆ. ಆದರೆ ಇದು ಹೂವೂ ಬಿಡದ, ಬೀಜವೂ ಕಟ್ಟದ ಜರೀಗಿಡ. ಎಲೆಯ ಸೀಳುಗಳ ಅಂಚು ಹಿಂದಕ್ಕೆ ಮಡಚಿಕೊಂಡು ಬೀಜಕಣಗಳನ್ನು ಕಾಯುತ್ತದೆ. ಬೇಸಿಗೆಯಲ್ಲಿ ಸುರುಟಿ ಸತ್ತಂತಿದ್ದು, ನೀರು ಬಿದ್ದೊಡನೆ ಮತ್ತೆ ಅರಳುತ್ತದೆ. ರಾಯಚೂರು, ಚಿತ್ರದುರ್ಗ ಕಡೆಯವರಿಗೆ ಇಂಥ ಬಂಡೆಗಳು ಹೊಸತಲ್ಲ.

ನಮ್ಮ ಹಿರಿಯರಿಗೆ ಇದರಲ್ಲಿ ಕಂಡದ್ದು ನವಿಲಿನ ಜುಟ್ಟು. ಅದಕ್ಕೇ ಆಯುರ್ವೇದದಲ್ಲಿ ಇದು ಮಯೂರಶಿಖಾ. ಸಸ್ಯಶಾಸ್ತ್ರಜ್ಞರಿಗೆ ಕಂಡದ್ದು ಕಿರಣ. ಆಕ್ಟಿನಿಯೊಪ್ಟೆರಿಸ್ ರೇಡಿಯೇಟಾ ಎಂಬ ಹೆಸರಿನಲ್ಲಿ ಗ್ರೀಕಿನ 'ಆಕ್ಟಿಸ್' ಎಂದರೆ ಕಿರಣ, 'ಪ್ಟೆರಿಸ್' ಎಂದರೆ ಜರೀಗಿಡ. ಲ್ಯಾಟಿನ್ನಿನ 'ರೇಡಿಯೇಟಾ' ಎಂದರೂ ಕಿರಣಗಳುಳ್ಳದ್ದೇ. ಒಂದೇ ಮಾತನ್ನು ಎರಡು ಭಾಷೆಯಲ್ಲಿ ಹೇಳಿದ ಹಾಗಾಯಿತು!

ಹೆಸರಿನ ಹಿಂದೆ ಮೂವರಿದ್ದಾರೆ. ಲಿನ್ನೇಯಸ್‌ನ ಶಿಷ್ಯ ಕೋನಿಗ್ ತರಂಗಂಬಾಡಿಗೆ ವೈದ್ಯನಾಗಿ ಬಂದು, 1785ರಲ್ಲಿ ಕಾಕಿನಾಡದ ಬಳಿ ತೀರಿಕೊಂಡ. ಅವನಿಟ್ಟ ಹೆಸರನ್ನು ಸ್ವೀಡನ್ನಿನ ಸ್ವಾರ್ಟ್ಸ್ ಪ್ರಕಟಿಸಿದ. ಜರ್ಮನಿಯ ಲಿಂಕ್ 1841ರಲ್ಲಿ ಈಗಿನ ಕುಲಕ್ಕೆ ಸೇರಿಸಿದ.

ಇಷ್ಟೆಲ್ಲ ಯಾಕೆ, ಮಯೂರಶಿಖಾ ಸಾಲದೇ? ಸಾಲದು. ಅದೇ ಹೆಸರಿನಲ್ಲಿ ಕೋಳಿಜುಟ್ಟಿನ ಹೂವಿನ ಗಿಡವೂ, ಇನ್ನೊಂದು ಜರೀಗಿಡವೂ ಔಷಧಿಗೆ ಬಳಕೆಯಾಗುತ್ತವೆ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಮೂರು ಫೈಲ್ ಇಡಲು ಕಂಪ್ಯೂಟರ್ ಕೂಡ ಒಪ್ಪುವುದಿಲ್ಲ. ಇಲ್ಲಂತೂ ಅದು ಯಾರದೋ ಹೊಟ್ಟೆಗೆ ಹೋಗುವ ವಸ್ತು.

ಹೆಸರು ಸರಿಯಾದರೆ ಮುಗಿಯಲಿಲ್ಲ, ಗಿಡಕ್ಕೆ ನೆಲೆಯೂ ಬೇಕು. ಈ ಊರಿನ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನಾವು ದುಡಿಯುವ ಗಾಜಿನ ಕಟ್ಟಡಗಳಲ್ಲಿ ಎಷ್ಟೋ ಎದ್ದಿರುವುದು ಇಂಥ ಬಂಡೆ ಸಿಡಿಸಿದ ಜಾಗದಲ್ಲೇ. ಬಂಡೆ ಉಳಿಸಲೆಂದೇ 1996ರಲ್ಲಿ ಇಲ್ಲಿ 'ಸೊಸೈಟಿ ಟು ಸೇವ್ ರಾಕ್ಸ್' ಹುಟ್ಟಿತು. ಕಂಚ ಗಚ್ಚಿಬೌಲಿಯಲ್ಲಿ ಮರ ಕಡಿಯುವುದನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆದಾಗ ನಾವೆಲ್ಲ ಜಿಂಕೆ, ನವಿಲುಗಳ ಫೋಟೊ ಹಂಚಿಕೊಂಡೆವು. ಬಂಡೆಯ ಮೇಲಿನ ನವಿಲುಜುಟ್ಟಿನ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಮರ ಕಡಿದವರು ಹತ್ತು ಸಸಿ ನೆಡುತ್ತೇವೆ ಎನ್ನಬಹುದು. ಸಿಡಿಸಿದ ಬಂಡೆಯನ್ನು ನೆಡುವವರು ಯಾರೂ ಇಲ್ಲ. ನಿಮ್ಮ ಬಡಾವಣೆಯಲ್ಲಿ ಬಂಡೆಯೊಂದು ಉಳಿದಿದ್ದರೆ, ಪಾರ್ಕ್ ಚೊಕ್ಕಟ ಮಾಡುವ ನೆಪದಲ್ಲಿ ಅದನ್ನು ತೆಗೆಸುವ ಮಾತು ಸಂಘದ ಸಭೆಗೆ ಬಂದರೆ, ಬೇಡ ಎನ್ನಿ. ಮಕ್ಕಳನ್ನು ಕರೆದೊಯ್ದು ಗಿಡ ತೋರಿಸಿ, ಎರಡೂ ಹೆಸರು ಹೇಳಿಕೊಡಿ. ಕೀಳುವುದು ಮಾತ್ರ ಬೇಡ.